ಬಚ್ಚಲೊಲೆಯ ಕಟ್ಟಿಗೆಯೊಳಗಿನ ಇರುವೆ

ಶಿರಸಿಯ ಕಡೆಗೆ ಹೋದದ್ದು ಯಾಣದ ಕಪ್ಪು ಬಂಡೆಗಳನ್ನೂ ಶಾಲ್ಮಲೆಯ ಹಾಸುಗಲ್ಲಿನ ಮೇಲೆ ಕೆತ್ತಿದ ಸಹಸ್ರಲಿಂಗವನ್ನೂ ನೋಡುವುದಕ್ಕೆ. ಎರಡನ್ನೂ ನೋಡಿದ್ದಾಯಿತು. ಬಂಡೆಗಿಂತ ಅದರ ಮುಂದೆ ಫೋಟೊ ತೆಗೆಸಿಕೊಳ್ಳಲು ನಿಂತವರೇ ಹೆಚ್ಚು ಕಂಡರು ಎಂಬುದನ್ನು ಬಿಟ್ಟರೆ ಆ ಎರಡು ದಿನಗಳ ಬಗ್ಗೆ ಹೇಳುವಂಥದ್ದು ನನ್ನಲ್ಲಿಲ್ಲ.

ಮೂರನೆಯ ದಿನ ಬೆಳಗ್ಗೆ, ನಾವು ಉಳಿದುಕೊಂಡಿದ್ದ ತೋಟದ ಮನೆಯ ಹಿತ್ತಿಲಲ್ಲಿ, ಬಚ್ಚಲೊಲೆಗೆಂದು ಒಣಕೊಂಬೆಯೊಂದನ್ನು ಹುರುಪಿನಿಂದ ಸೀಳಿದೆ. ಹುಳು ಕೊರೆದಿದ್ದ ಸುರಂಗಗಳಿಂದ ಉದ್ದನೆಯ, ಸಪೂರ ಮೈಯ ಇರುವೆಗಳು ಹೊರಬಿದ್ದವು. ತಲೆ ಕಪ್ಪು, ಎದೆ ಮತ್ತು ಸೊಂಟ ಕಿತ್ತಳೆಗೆಂಪು, ಹೊಟ್ಟೆ ಮತ್ತೆ ಕಪ್ಪು. ಉದ್ದ ಸುಮಾರು ಒಂದು ಸೆಂಟಿಮೀಟರ್. ಮರದೊಳಗೆ ಗೂಡು ಮಾಡುವ ದೊಡ್ಡ ಇರುವೆಯೆಂದರೆ ಗೊದ್ದದ ಬಳಗದ ಕ್ಯಾಂಪೊನೋಟಸ್ ಇರಬೇಕೆಂದು ಬಗೆದು, ಒಂದನ್ನು ಬರಿಗೈಯಲ್ಲಿ ಹಿಡಿದೆ. ಬೆರಳಸಂದಿಗೆ ಕಾದ ಸೂಜಿ ಇಳಿದಂತಾಯಿತು.

ಜಗಲಿಯಲ್ಲಿ ಕವಳ ಹಾಕುತ್ತಿದ್ದ ಆ ಮನೆಯ ಅಜ್ಜಿ ಬಟ್ಟಲಿನ ಸುಣ್ಣವನ್ನು ನನ್ನ ಬೆರಳಿಗೆ ಹಚ್ಚುತ್ತ, "ಬರಿಗೈಯಲ್ಲಿ ಮುಟ್ಟಡ ತಮಾ" ಎಂದರು, ಮುಟ್ಟಿಯಾಗಿತ್ತು. "ಗೊದ್ದ ಅಲ್ವಾ ಅಜ್ಜಿ?" ಎಂದು ಕೇಳಿದೆ. "ಗೊದ್ದ ಕಚ್ತು. ಇದು ಚುಚ್ತು" ಎಂದರು. ನನಗೆ ಆಗ ಅದು ಬರೀ ಮಾತಿನ ಚಮತ್ಕಾರವೆನಿಸಿತು. "ಹಾಗಾದರೆ ಚಗಳಿ?" ಎಂದೆ. "ಅದೂ ಕಚ್ತು. ಚಟ್ನಿ ಮಾಡಿದ್ರೆ ಹುಳಿ."

ಬೆರಳು ಊದಿಕೊಳ್ಳುತ್ತಿದ್ದಾಗಲೇ ಈ ಮಾತಿನ ತೂಕ ತಿಳಿಯಿತು. ಗೊದ್ದಕ್ಕೂ ಚಗಳಿಗೂ ಕೊಂಡಿಯಿಲ್ಲ. ಅವು ದವಡೆಯಿಂದ ಕಚ್ಚಿ, ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುತ್ತವೆ, ಚಟ್ನಿಯ ಹುಳಿಯೂ ಅದರದ್ದೇ. ನನ್ನ ಇರುವೆಗೆ ನಿಜವಾದ ಕೊಂಡಿಯಿತ್ತು. ಹಾಗಾದರೆ ಸೊಂಟವನ್ನು ನೋಡಬೇಕು: ಗೊದ್ದದ ಸೊಂಟಕ್ಕೆ ಒಂದೇ ಗಂಟು. ಫೋನಿನ ಕ್ಯಾಮೆರಾವನ್ನು ಪಕ್ಕದಿಂದ ಹಿಡಿದು ನೋಡಿದರೆ ಇಲ್ಲಿ ಎರಡು ಗಂಟುಗಳು ಸ್ಪಷ್ಟವಾಗಿ ಕಂಡವು. (ಇರುವೆಯ ಚಿತ್ರವನ್ನು ಮೇಲಿನಿಂದ ತೆಗೆಯುವವರೇ ಹೆಚ್ಚು, ಆ ಚಿತ್ರ ಗುರುತು ಹಿಡಿಯುವುದಕ್ಕೆ ಅಷ್ಟಾಗಿ ಬಾರದು.) ತಲೆಯ ಇಕ್ಕೆಲಗಳಲ್ಲಿ ದೊಡ್ಡ, ಮೊಟ್ಟೆಯಾಕಾರದ ಕಣ್ಣುಗಳು. ಸೀಳಿದ ಕಟ್ಟಿಗೆಯಲ್ಲಿ ಉಳಿದಿದ್ದ ಬಿಳಿಯ ಕೋಶಾವಸ್ಥೆಯ ಮರಿಗಳಿಗೆ ಗೂಡಿನ ಹೊದಿಕೆಯೇ ಇರಲಿಲ್ಲ. ಮಡಚಿದ ಕಾಲುಗಳೂ ಕಣ್ಣಿನ ಕಪ್ಪೂ ಬರಿಗಣ್ಣಿಗೇ ಕಾಣುತ್ತಿದ್ದವು. ಕ್ಯಾಂಪೊನೋಟಸ್ ಆಗಿದ್ದರೆ ಅವು ಸಾಮಾನ್ಯವಾಗಿ ರೇಷ್ಮೆಯ ಚೀಲದೊಳಗೆ ಇರುತ್ತಿದ್ದವು.

ಇಷ್ಟಾದ ಮೇಲೆ ಹೆಸರಿಗೆ ಹೆಚ್ಚು ಹುಡುಕಬೇಕಾಗಲಿಲ್ಲ: ಟೆಟ್ರಾಪೊನೆರಾ ರುಫೊನೈಗ್ರಾ. ಇದೇ ಕುಲದ ಟೆಟ್ರಾಪೊನೆರಾ ನೈಗ್ರಾ ಪೂರ್ತಿ ಕಪ್ಪಾದ್ದರಿಂದ ಗೊಂದಲವೂ ಉಳಿಯಲಿಲ್ಲ. ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದ ಟಿ. ಸಿ. ಜೆರ್ಡನ್, ದಕ್ಷಿಣ ಭಾರತದ ಇರುವೆಗಳನ್ನು ವಿವರಿಸುತ್ತ, 1851ರಲ್ಲಿ ಇದಕ್ಕೆ ಹೆಸರಿಟ್ಟ. ಅವನಿಗೂ ಇದು ಚುಚ್ಚಿರಬೇಕೆಂಬುದು ನನ್ನ ಊಹೆ.

ತೂತು ಬಿದ್ದ ಒಣಕಟ್ಟಿಗೆಯನ್ನು ಸೀಳುವ ಮುನ್ನ ನೆಲಕ್ಕೆ ನಾಲ್ಕು ಸಲ ಬಡಿಯಿರಿ, ಕೈಗವಸು ಹಾಕಿಕೊಳ್ಳಿ. ಅಲರ್ಜಿಯಿರುವವರಿಗೆ ಇದರ ವಿಷ ಉಸಿರಿಗೇ ಕುತ್ತು ತರಬಹುದು. ನನಗೆ ಎರಡು ದಿನದ ಬಾವಿನಲ್ಲಿ ಮುಗಿಯಿತು.

ಸೀಳಿದ ಕೊಂಬೆಯನ್ನು ಅಜ್ಜಿ ಒಲೆಗೆ ಹಾಕಲು ಬಿಡದೆ ಬೇಲಿಯ ಬುಡಕ್ಕೆ ಇಡಿಸಿದರು. ಕೆಲಸಗಾರ ಇರುವೆಗಳು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಉಳಿದ ಸುರಂಗದೊಳಕ್ಕೆ ಸಾಗಿಸುವುದನ್ನು ನೋಡುತ್ತ ಬೇರೆ ಕಟ್ಟಿಗೆಯಲ್ಲಿ ನೀರು ಕಾಯಿಸಿದೆ. ಹೊರಡುವಾಗ ಅಜ್ಜಿ ಇರುವೆಯ ಹೆಸರು ಕೇಳಿದರು. ಹೇಳಿದೆ, ರುಫೊನೈಗ್ರಾ ಎಂದರೆ ಲ್ಯಾಟಿನ್‌ನಲ್ಲಿ ಕೆಂಪು-ಕಪ್ಪು ಎಂದೂ ವಿವರಿಸಿದೆ.

"ಅದು ಕಂಡೇ ಕಾಣ್ತಲ" ಎಂದು ಅಜ್ಜಿ ಕವಳದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು.