ದ್ರಾಸ್‌ಗೆ ಹೊರಡುವ ಮೊದಲು ಹಳೆಯ ಸೈನಿಕರನ್ನು ಕೇಳಬೇಕಾದ್ದು

ಕರ್ನಾಟಕದ ನಿವೃತ್ತ ಸೈನಿಕರ ಗುಂಪುಗಳನ್ನು ಕಾರ್ಗಿಲ್ ಕಡೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಬೆಳಗಾವಿ, ಕೊಡಗು, ಧಾರವಾಡ, ಹಾಸನದ ಕಡೆಯವರೇ ಹೆಚ್ಚು. ಬೆಳಿಗ್ಗೆ ಸೋನಾಮಾರ್ಗ್ ಬಿಟ್ಟು, ಜೋಜಿಲಾ ಕಣಿವೆದಾರಿ ದಾಟಿ, ದ್ರಾಸ್‌ನ ಯುದ್ಧ ಸ್ಮಾರಕ ನೋಡಿಕೊಂಡು ಸಂಜೆಗೆ ಕಾರ್ಗಿಲ್ ಸೇರುವ ದಿನವೇ ಈ ಪ್ರವಾಸದ ಜೀವ. ಆ ದಿನವನ್ನು ಹೇಗೆ ಜೋಡಿಸಬೇಕು ಎಂಬುದನ್ನು ಈ ಕಸುಬಿಗೆ ಹೊಸದಾಗಿ ಬರುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಉಳಿದ ಪ್ರವಾಸಿಗರಿಗೆ ದ್ರಾಸ್ ಎಂದರೆ ಸ್ಮಾರಕ. 1999ರ ಕಾರ್ಗಿಲ್ ಯುದ್ಧದಲ್ಲಿ ಅಲ್ಲಿದ್ದವರಿಗೆ ಹಾಗಲ್ಲ. ಅಲ್ಲಿದ್ದವರೆಲ್ಲ ಶಿಖರ ಹತ್ತಿದವರೂ ಅಲ್ಲ. ಟ್ರಕ್ ಓಡಿಸಿದವರಿದ್ದಾರೆ, ತೋಪಿಗೆ ಗುಂಡು ತುಂಬಿದವರಿದ್ದಾರೆ, ಟೆಲಿಫೋನ್ ಲೈನ್ ಎಳೆದವರು, ಗಾಯಾಳುಗಳನ್ನು ಹೊತ್ತು ಇಳಿಸಿದವರು, ಅಡುಗೆ ಮಾಡಿ ಮೇಲಕ್ಕೆ ಕಳಿಸಿದವರು ಇದ್ದಾರೆ. ಅವರ ಯುದ್ಧ ನಡೆದದ್ದು ಹೆದ್ದಾರಿಯ ಯಾವುದೋ ತಿರುವಿನಲ್ಲಿ, ನದಿ ಪಕ್ಕದ ಯಾವುದೋ ಬಯಲಿನಲ್ಲಿ. ಅಲ್ಲಿ ಫಲಕವೂ ಇಲ್ಲ, ಪಾರ್ಕಿಂಗ್ ಜಾಗವೂ ಇಲ್ಲ. ಹಾಗಾಗಿ ಬುಕಿಂಗ್ ಆದ ಕೂಡಲೇ ನಾನು ಪ್ರತಿಯೊಬ್ಬರನ್ನೂ ಕೇಳುವುದು ಇಷ್ಟು: ಯಾವ ಯೂನಿಟ್‌ನಲ್ಲಿದ್ರಿ, ಯಾವ ತಿಂಗಳು ಬಂದ್ರಿ, ಎಲ್ಲಿ ಉಳ್ಕೊಂಡಿದ್ರಿ? ಅವರ ಉತ್ತರ ಬಂದ ಮೇಲೇ ಆ ದಿನದ ನಕ್ಷೆ.

ಬೆಳಗಾವಿ ಜಿಲ್ಲೆಯ ಒಬ್ಬ ಹಿರಿಯರು ಆರ್ಮಿ ಸರ್ವಿಸ್ ಕೋರ್‌ನಲ್ಲಿ ಡ್ರೈವರ್ ಆಗಿದ್ದವರು. ದ್ರಾಸ್ ಮೇಲಿನ ತೊಲೋಲಿಂಗ್ ಶಿಖರ ಶತ್ರುಗಳ ಕೈಯಲ್ಲಿದ್ದಾಗ ಶ್ರೀನಗರ–ಲೇಹ್ ಹೆದ್ದಾರಿ ಶತ್ರುಗಳ ಕಣ್ಣಳತೆಯಲ್ಲೇ ಇತ್ತು. ಮೇಲೆ ಕೂತವನು ಗಾಡಿ ನೋಡಿ ತನ್ನ ಫಿರಂಗಿಯವರಿಗೆ ಗುರಿ ಹೇಳಬಹುದಿತ್ತು. ಆದ್ದರಿಂದ ಲಾರಿಗಳು ರಾತ್ರಿ ಹೊತ್ತು, ಹೆಡ್‌ಲೈಟ್ ಆರಿಸಿಕೊಂಡು ಸಾಗುತ್ತಿದ್ದವು. ದ್ರಾಸ್ ಇನ್ನೂ ಸ್ವಲ್ಪ ದೂರ ಇರುವಾಗಲೇ ಆ ಹಿರಿಯರು ಮುಂದೆ ಬಾಗಿ, “ತಮ್ಮಾ, ಗಾಡಿ ಇಲ್ಲೇ ನಿಂದ್ರಸು” ಅಂದರು. ಇಳಿದು ರಸ್ತೆಯಂಚಿನ ಬಂಡೆಗಳನ್ನು ಒಂದೊಂದಾಗಿ ನೋಡುತ್ತ ನಡೆದರು. “ಕ್ಲೀನರ್ ಹುಡುಗ ಬಿಳೀ ಟವೆಲ್ ಬೆನ್ನಿಗೆ ಕಟ್ಕೊಂಡು ಮುಂದ ಮುಂದ ನಡೀತಿದ್ದ. ಆ ಟವೆಲ್ ನೋಡ್ಕೋತ ನಾ ಗಾಡಿ ಹೊಡೀತಿದ್ದೆ” ಎಂದರು. ಜೊತೆಗಿದ್ದ ಅವರ ಹೆಂಡತಿಗೂ ಅದು ಹೊಸ ಸುದ್ದಿ. ಆ ನಿಲುಗಡೆಗೆ ಸಮಯ ಮೊದಲೇ ತೆಗೆದಿಟ್ಟಿದ್ದೆವು. ಡ್ರೈವರ್‌ಗೂ ಗೊತ್ತಿತ್ತು, ಹಾಗಾಗಿ ಯಾರೂ ಹಾರ್ನ್ ಒತ್ತಿ ಅವಸರ ಮಾಡಲಿಲ್ಲ.

ತೋಪಖಾನೆಯವರು ಬಂದಾಗ ಬೇರೆ ಲೆಕ್ಕ. ಬೋಫೋರ್ಸ್ ತೋಪುಗಳನ್ನು ಹೆದ್ದಾರಿಯ ಪಕ್ಕದಲ್ಲೇ ನಿಲ್ಲಿಸಿ ಶಿಖರಗಳಿಗೆ ನೇರವಾಗಿ ಗುರಿಯಿಟ್ಟು ಹೊಡೆದದ್ದು ಆ ಯುದ್ಧದ ದೊಡ್ಡ ಸಂಗತಿ. 1999ರ ಜೂನ್ 13ರಂದು 2 ರಜಪೂತಾನಾ ರೈಫಲ್ಸ್ ತೊಲೋಲಿಂಗ್ ಹಿಡಿದಾಗ, ಜುಲೈ 4ರಂದು 18 ಗ್ರೆನೇಡಿಯರ್ಸ್ ಟೈಗರ್ ಹಿಲ್‌ನ ತುದಿ ಮುಟ್ಟಿದಾಗ, ಅವರ ತಲೆಯ ಮೇಲಿಂದ ಹೋದ ಗುಂಡು ಈ ಗನ್ನರ್‌ಗಳದ್ದು. ದ್ರಾಸ್‌ನ ಪಾಯಿಂಟ್ 5140 ಶಿಖರಕ್ಕೆ 2022ರಲ್ಲಿ ‘ಗನ್ ಹಿಲ್’ ಎಂದು ಹೆಸರಿಟ್ಟದ್ದು ಅವರ ಗೌರವಕ್ಕೇ. ಇದನ್ನು ಎಷ್ಟೋ ಗನ್ನರ್‌ಗಳು ಕೇಳಿರುವುದಿಲ್ಲ. ಕೇಳಿದ ಮೇಲೆ ಅವರು ಆ ಶಿಖರ ನೋಡುವ ರೀತಿಯೇ ಬೇರೆಯಾಗುತ್ತದೆ. ಒಂದು ಮಾತು: ವರ್ಷಗಟ್ಟಲೆ ತೋಪಿನ ಪಕ್ಕ ನಿಂತವರಲ್ಲಿ ಅನೇಕರಿಗೆ ಕಿವಿ ಮಂದ. ಬಸ್ಸಿನ ಮೈಕ್ ಜೋರು ಮಾಡಿದರೆ ಏನೂ ಉಪಯೋಗವಿಲ್ಲ. ಕೆಳಗಿಳಿಸಿ, ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಮಾತಾಡಿ. ಸೋನಾಮಾರ್ಗ್ ಕಡೆಯಿಂದ ಹೋಗುವಾಗ ಈ ಬೆಟ್ಟಗಳೆಲ್ಲ ಎಡಗಡೆಗೆ ಬರುತ್ತವೆ. ಅಲ್ಲಿ ಇದ್ದು ಬಂದವರಿಗೆ ಎಡಗಡೆಯ ಕಿಟಕಿ ಮೀಸಲು.

ಕೊಡಗಿನವರು, ಸೇನೆಗೆ ರಸ್ತೆ, ಸೇತುವೆ ಕಟ್ಟುವ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಿಂದ ನಿವೃತ್ತರಾದವರು ಗುಂಪಿನಲ್ಲಿದ್ದರೆ ಜೋಜಿಲಾದ ಕಥೆಗೆ ಹಿಂದಿನ ರಾತ್ರಿಯನ್ನೇ ಇಟ್ಟುಕೊಳ್ಳುತ್ತೇನೆ. ಕಣಿವೆದಾರಿಯಲ್ಲಿ ಗಾಡಿ ನಿಲ್ಲಿಸಿ ಕಥೆ ಹೇಳುವಷ್ಟು ಜಾಗವಿಲ್ಲ, ಹಿಂದೆ ಲಾರಿಗಳ ಸಾಲೇ ಇರುತ್ತದೆ. ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರ ನಾಯಕತ್ವದಲ್ಲಿ 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಸುಮಾರು 11,500 ಅಡಿಯ ಆ ಕಣಿವೆ ದಾಟಿದವು. ಶತ್ರುವಿಗೆ ಸುಳಿವು ಸಿಗಬಾರದೆಂದು ಟ್ಯಾಂಕಿನ ಗೋಪುರಗಳನ್ನು ಕಳಚಿ, ಮುಚ್ಚಿ ಸಾಗಿಸಿದ್ದರು. ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗುವಷ್ಟೇ ಇದ್ದ ದಾರಿಯನ್ನು ಟ್ಯಾಂಕ್ ಹತ್ತುವಂತೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಎರಡೂ ಕೈಸೇರಿದವು. ಮರುದಿನ ಆ ಅಂಕುಡೊಂಕು ಏರುವಾಗ ನಾನು ಬಾಯಿ ಬಿಡಬೇಕಾಗಿಯೇ ಇಲ್ಲ. ಸ್ಯಾಪರ್‌ಗಳು ತಡೆಗೋಡೆಯನ್ನೂ ನೀರು ಹರಿಯುವ ಮೋರಿಯನ್ನೂ ತೋರಿಸಿ ತಮ್ಮತಮ್ಮಲ್ಲೇ ವಾದಕ್ಕೆ ಬೀಳುತ್ತಾರೆ.

ದೇಹದ ವಿಷಯದಲ್ಲಿ ನಾನು ಹಟಮಾರಿ. ಅರವತ್ತು ದಾಟಿದವರನ್ನು ವಿಮಾನದಲ್ಲಿ ನೇರ ಲೇಹ್‌ಗೆ, ಅಂದರೆ ಒಂದೇ ಬಾರಿಗೆ ಸುಮಾರು 11,500 ಅಡಿಗೆ ಇಳಿಸುವ ಪ್ಯಾಕೇಜನ್ನು ನಾನು ಒಪ್ಪುವುದಿಲ್ಲ. ಶ್ರೀನಗರದಿಂದ ಹೋದರೆ ಮೈ ನಿಧಾನವಾಗಿ ಹೊಂದಿಕೊಳ್ಳುತ್ತದೆ. ದ್ರಾಸ್ ಹತ್ತಿರ ಹತ್ತಿರ 10,800 ಅಡಿ ಇದ್ದರೂ, ಮಲಗುವ ಕಾರ್ಗಿಲ್ 9,000 ಅಡಿಗಿಂತ ಕೆಳಗಿದೆ. “ನಾವು ಇಲ್ಲಿ ಓಡಾಡಿದವರು, ನಮಗೇನಾಗುತ್ತೆ” ಎನ್ನುವವರ ಮೇಲೇ ಹೆಚ್ಚು ಕಣ್ಣಿಡಬೇಕು. ಓಡಾಡಿದ್ದು ಹರೆಯದಲ್ಲಿ. ಆಕ್ಸಿಮೀಟರ್, ಆಕ್ಸಿಜನ್ ಸಿಲಿಂಡರ್ ಗಾಡಿಯಲ್ಲಿರಲಿ. ಬಿಪಿ ಮಾತ್ರೆ ಡಿಕ್ಕಿಯ ಸೂಟ್‌ಕೇಸಿನಲ್ಲಲ್ಲ, ಜೇಬಿನಲ್ಲಿರಲಿ. ಶೌಚಾಲಯ ಎಲ್ಲೆಲ್ಲಿದೆ ಎಂಬುದನ್ನು ಹೊರಡುವ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆ ಎತ್ತರದಲ್ಲಿ ಅದು ಅಪಾಯ.

ಸ್ಮಾರಕದಲ್ಲಿ ಗೈಡ್ ಸುಮ್ಮನಿರಬೇಕು. ತೊಲೋಲಿಂಗ್‌ನ ಬುಡದಲ್ಲೇ ಇರುವ ಆ ಅಂಗಳದಲ್ಲಿ ವಿವರಣೆ ಕೊಡಲು ಸೇನೆಯ ಜವಾನರೇ ಇರುತ್ತಾರೆ, ತುಂಬ ಚೆನ್ನಾಗಿ ಹೇಳುತ್ತಾರೆ. ಆ ಯುದ್ಧದಲ್ಲಿ ತೀರಿಕೊಂಡ ನಮ್ಮ ಸೈನಿಕರು 527 ಮಂದಿ. ಗುಲಾಬಿ ಮರಳುಗಲ್ಲಿನ ಗೋಡೆಯ ಮುಂದೆ ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ರೆಜಿಮೆಂಟನ್ನು, ಆಮೇಲೆ ಒಂದು ಹೆಸರನ್ನು. ಆಗ ಫೋಟೋಗೆ ನಿಲ್ಲಿಸಬೇಡಿ, ಊಟದ ಹೊತ್ತಾಯಿತು ಎನ್ನಬೇಡಿ. ಗುಂಪು ಫೋಟೋ ಹೊರಡುವಾಗ ತೆಗೆದರಾಯಿತು. ಜುಲೈ 26ರ ವಿಜಯ ದಿವಸದ ಆಸುಪಾಸು ಜನಜಂಗುಳಿ. ಸೇನೆಯಿಂದ ಆಹ್ವಾನ ಬಂದವರು ಅಂದೇ ಹೋಗಲಿ, ಉಳಿದವರಿಗೆ ನಾನು ಹೇಳುವುದು ಸೆಪ್ಟೆಂಬರ್.

ಈಗೀಗ ಬುಕಿಂಗ್‌ಗೆ ಕರೆ ಮಾಡುವವರು ಹೆಚ್ಚಾಗಿ ಮಕ್ಕಳು. “ಅಪ್ಪ ಕಾರ್ಗಿಲ್‌ನಲ್ಲಿದ್ರು, ಎಲ್ಲಿ ಅಂತ ಗೊತ್ತಿಲ್ಲ” ಎನ್ನುತ್ತಾರೆ. ಹೋಟೆಲ್ಲು, ರೇಟು ಎಲ್ಲ ಮಕ್ಕಳ ಜೊತೆಗೇ ಮಾತಾಡಿ. ಆಮೇಲೆ ಫೋನ್ ಅಪ್ಪನ ಕೈಗೆ ಕೊಡಲು ಹೇಳಿ. ಸುಬೇದಾರ್ ಆಗಿದ್ದವರನ್ನು ‘ಸಾಹೇಬ್ರೇ’ ಎಂದೇ ಕರೆದು, ಯೂನಿಟ್ ಕೇಳಿ, ಪೆನ್ನು ಹಿಡಿದು ಕೂತುಕೊಳ್ಳಿ. ಆ ಕರೆ ಬೇಗ ಮುಗಿಯುವುದಿಲ್ಲ, ಮುಗಿಸಲೂ ಬೇಡಿ. ಬರೆದುಕೊಂಡ ಹಾಳೆಯ ಒಂದು ಪ್ರತಿಯನ್ನು ಡ್ರೈವರ್‌ಗೂ ಕೊಡಿ.