ವಾಟೆ ಪೊದೆಯೊಳಗಿನ ಎಲೆ ಉಂಡೆ

ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನಬೆಟ್ಟಕ್ಕೆ ಹೋಗುವವರು ಇದನ್ನು ನೋಡಿರುತ್ತೀರಿ. ಮೊಣಕಾಲೆತ್ತರದ ಗಿಡದ ಕವಲಿನಲ್ಲಿ ಒಣಗಿದ ಎಲೆಗಳ ಒಂದು ಉಂಡೆ. ಗಾಳಿಗೆ ಬಂದು ಸಿಕ್ಕಿಕೊಂಡ ದರಕು ಅನ್ನಿಸುತ್ತದೆ. ಬಗ್ಗಿ ನೋಡಿದರೆ ಒಳಗೆ ಹೋಗಲು ಬಾಯಿ ಇದೆ. ಮೊಟ್ಟೆ ಇಲ್ಲ, ಮರಿ ಇಲ್ಲ. "ಖಾಲಿ ಗೂಡು ಮಾರಾಯ, ಹಕ್ಕಿ ಬಿಟ್ಟು ಹೋಗಿದೆ" ಅನ್ನುತ್ತಾ ನಮ್ಮ ದೊಡ್ಡಪ್ಪ ಕತ್ತಿ ಬೀಸುತ್ತಿದ್ದರು.

ಬಿಟ್ಟು ಹೋಗಿರುವುದಿಲ್ಲ. ಅದು ಕಪ್ಪು ತಲೆಯ ಪುಟ್ಟ ಹರಟೆಮಲ್ಲ ಮಲಗುವ ಜಾಗ. ಈ ಹಕ್ಕಿ ಮೊಟ್ಟೆಗೆ ಒಂದು ಗೂಡು ಕಟ್ಟುತ್ತದೆ. ರಾತ್ರಿ ತಂಗಲು ಅಂತಲೇ ಬೇರೆ ಉಂಡೆಗಳನ್ನೂ ಕಟ್ಟುತ್ತದೆ. ಹಗಲು ಹೊತ್ತು ನೋಡಿದರೆ ಖಾಲಿಯೇ ಇರುತ್ತದೆ, ಅಲ್ವಾ?

ಹಕ್ಕಿ ಸುಮಾರು 13 ಸೆಂಟಿಮೀಟರ್ ಉದ್ದ. ಕಂದು ಬೆನ್ನು, ಬಿಳಿ ಹೊಟ್ಟೆ, ಕಪ್ಪು ತಲೆ, ಆ ಕಪ್ಪಿನಲ್ಲಿ ಎದ್ದು ಕಾಣುವ ತಿಳಿಬಣ್ಣದ ಕಣ್ಣು. ಪಶ್ಚಿಮಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ.

ಶಿವಮೊಗ್ಗ ಜಿಲ್ಲೆಯ ನಗರ, ಆಗುಂಬೆ ಊರುಗಳ ಕಡೆಯ ಹಳ್ಳದ ದಂಡೆಗಳಲ್ಲಿ ಮೊದಲು ಸಿಗುವುದು ಅದರ ದನಿ. ತೆಳು ಬಿದಿರಿನಂಥ ವಾಟೆಯ ಒಳಗಿಂದ ಚುರ್‍ರ್ ಚುರ್‍ರ್ ಅಂತ ಗದರುತ್ತದೆ. ನಾವು ಹತ್ತಿರ ಹೋದಷ್ಟೂ ಹಾರಿ ಮೇಲೆ ಹೋಗುವುದಿಲ್ಲ, ಇನ್ನೂ ಕೆಳಗೆ ಇಳಿಯುತ್ತದೆ. ಒಂದೇ ಹಕ್ಕಿ ಇರುವುದು ಕಡಿಮೆ. ಸಣ್ಣ ಗುಂಪು ಒಂದರ ಹಿಂದೆ ಒಂದು ಎಲೆಯಡಿ ಹುಳ ಹುಡುಕುತ್ತಾ ಪೊದೆಯಿಂದ ಪೊದೆಗೆ ದಾಟುತ್ತದೆ. ಬೆನ್ನು ಹತ್ತಿದರೆ ಬಾಲವೂ ಕಾಣುವುದಿಲ್ಲ. ಸುಮ್ನೆ ಕೂತರೆ ಅವೇ ಹತ್ತಿರ ಬರುತ್ತವೆ. ಉಂಬಳ (ಕಾಡಿನ ಜಿಗಣೆ) ಹತ್ತುತ್ತದೆ, ಹತ್ತಲಿ. ಆ ಕಣ್ಣು ಎರಡು ಮಾರು ದೂರದಿಂದ ನಮ್ಮನ್ನೇ ನೋಡುವುದನ್ನು ಕಂಡವರಿಗೆ ಅದು ದೊಡ್ಡ ವಿಷಯವೇ ಅಲ್ಲ.

"ಮರ ಒಂದೂ ಕಡಿದಿಲ್ಲ, ಬರೀ ಅಡಿ ಚೊಕ್ಕ ಮಾಡಿದ್ದು" ಅಂತ ನಮ್ಮಲ್ಲಿ ಹೇಳುವುದುಂಟು. ಮರದ ತುದಿಯ ಹಕ್ಕಿಗೆ ಅಷ್ಟು ಸಾಕಾಗಬಹುದು. ಈ ಹಕ್ಕಿಗೆ ಕಾಡು ಅಂದರೆ ನೆಲದಿಂದ ಆಳೆತ್ತರದವರೆಗೆ ಇರುವುದು ಮಾತ್ರ. ಕಳೆ ಕೊಚ್ಚುವ ಮಷಿನ್ ಮೊದಲು ತೆಗೆಯುವುದೂ ಅದನ್ನೇ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು ಬೇಕೇ ಬೇಕು, ನಾನೂ ಅಡಿಕೆ ಬೆಳೆಯುವವನು. ಆದರೆ ಇಡೀ ಬೆಟ್ಟ ಅಂಗಳದ ಹಾಗೆ ಕಾಣಬೇಕು ಅನ್ನುವ ಹಟ ಯಾಕೆ?

ಹಳ್ಳದ ಎರಡೂ ದಂಡೆಯ ವಾಟೆ, ಬೆತ್ತಕ್ಕೆ ಇನ್ನು ಕತ್ತಿ ತಾಗಿಸುವುದಿಲ್ಲ ಅಂತ ದೊಡ್ಡಪ್ಪನನ್ನು ಒಪ್ಪಿಸಿದ್ದೇನೆ. ಸೊಪ್ಪು ಕಮ್ಮಿ ಬಿದ್ದರೆ ಯಾರು ತರುತ್ತಾರೆ ಅಂತ ಕೇಳಿದರು. ಮೇಲಿನ ಗುಡ್ಡದಿಂದ ನಾನೇ ಹೊತ್ತು ತರುತ್ತೇನೆ ಅಂದಿದ್ದೇನೆ.