ಮುತ್ತಿಗಿಂತ ಮಸಿ ಮುಖ್ಯ

ಟ್ರೇಸಿ ಶೆವಲಿಯರ್ ಅವರ ಕಾದಂಬರಿ ‘ಗರ್ಲ್ ವಿತ್ ಎ ಪರ್ಲ್ ಇಯರಿಂಗ್’ 1999ರಲ್ಲಿ ಬಂತು. ಡಚ್ ಚಿತ್ರಕಾರ ವರ್ಮೀರ್ ಬರೆದ, ಮುತ್ತಿನ ಓಲೆ ತೊಟ್ಟ ಹುಡುಗಿಯ ಅದೇ ಹೆಸರಿನ ಚಿತ್ರದ ಸುತ್ತ ಕಟ್ಟಿದ ಕಥೆ ಅದು. ಅಂದಿನಿಂದ ಇಂದಿನವರೆಗೂ ಓದುಗರ ವಾದವೆಲ್ಲ ಒಂದೇ ಪ್ರಶ್ನೆಯ ಸುತ್ತ: ಚಿತ್ರಕಾರನಿಗೂ ಮನೆಗೆಲಸದ ಹುಡುಗಿಗೂ ನಡುವೆ ಏನಾಯಿತು? ‘ಏನೂ ಆಗುವುದಿಲ್ಲ, ಬರೀ ಗುಡಿಸುವುದು, ಒರೆಸುವುದು’ ಎಂದು ಅರ್ಧಕ್ಕೇ ಬಿಟ್ಟವರಿದ್ದಾರೆ. ‘ಬೆರಳೂ ಸೋಕದೆ ಎಲ್ಲವೂ ಆಗಿಹೋಯಿತಲ್ಲ’ ಎಂದು ಎರಡನೇ ಸಲ ಓದಿದವರೂ ಇದ್ದಾರೆ. ಎರಡೂ ಗುಂಪಿನವರ ಕಣ್ಣು ಕಿವಿಯೋಲೆಯ ಮೇಲೆ ನೆಟ್ಟಿದೆ. ಕಾದಂಬರಿಯ ಜೀವ ಇರುವುದು ಅಟ್ಟದ ಮೇಲಿನ ಅರೆಗಲ್ಲಿನ ಹತ್ತಿರ. ಅಲ್ಲಿಂದ ಓದಿದರೆ ಈ ದೂರುಗಳಲ್ಲಿ ಕೆಲವು ಬಿದ್ದುಹೋಗುತ್ತವೆ, ಕೆಲವು ಇನ್ನಷ್ಟು ಗಟ್ಟಿಯಾಗುತ್ತವೆ. (ಮುಂದೆ ಕೊನೆಯ ಪುಟಗಳ ಮಾತೂ ಬರುತ್ತದೆ. ಕಾದಂಬರಿ ಓದಿರದವರು ಇಲ್ಲಿಗೇ ನಿಲ್ಲಿಸಬಹುದು.)

ಕಥೆ ಚಿಕ್ಕದು. 1664, ಹಾಲೆಂಡಿನ ಡೆಲ್ಫ್ಟ್ ಊರು. ಹೆಂಚಿನ ಮೇಲೆ ಚಿತ್ರ ಬರೆಯುತ್ತಿದ್ದ ಅಪ್ಪ ಹೆಂಚು ಸುಡುವ ಗೂಡು ಸಿಡಿದು ಕಣ್ಣು ಕಳೆದುಕೊಂಡಿದ್ದಾನೆ. ಹದಿನಾರರ ಮಗಳು ಗ್ರೀಟ್, ದಿನಕ್ಕೆ ಎಂಟು ಸ್ಟೈವರ್ (ಆಗಿನ ಡಚ್ ನಾಣ್ಯ, ಇಪ್ಪತ್ತು ಸೇರಿದರೆ ಒಂದು ಗಿಲ್ಡರ್) ಕೂಲಿಗೆ ಯೊಹಾನೆಸ್ ವರ್ಮೀರನ ಮನೆ ಸೇರುತ್ತಾಳೆ. ಅವಳಿಗೆ ಸಿಕ್ಕ ವಿಶೇಷ ಕೆಲಸ ಚಿತ್ರಶಾಲೆಯನ್ನು ಶುಚಿ ಮಾಡುವುದು, ಅದೂ ಒಂದು ವಸ್ತುವೂ ಕೂದಲೆಳೆಯಷ್ಟು ಕದಲದಂತೆ. ಕುರುಡು ಅಪ್ಪನಿಗಾಗಿ ಪ್ರತಿ ಸಾಮಾನನ್ನೂ ಇದ್ದ ಜಾಗದಲ್ಲೇ ಇಟ್ಟು ರೂಢಿಯಾದ ಹುಡುಗಿ ಅವಳು. ವಸ್ತುಗಳ ನಡುವಿನ ದೂರವನ್ನು ಕೈಬೆರಳಲ್ಲೇ ಅಳೆದಿಟ್ಟುಕೊಂಡು ಧೂಳು ಒರೆಸುತ್ತಾಳೆ. ‘ಬರೀ ಒರೆಸುವುದು’ ಎಂದು ಬೇಸತ್ತವರು ಹಾರಿಸಿದ್ದು ಇದನ್ನೇ. ಒಂದು ನೋಟವನ್ನು ಅಳತೆಯಾಗಿ ನೆನಪಿಡುವುದು ಚಿತ್ರಕಾರನ ಕೆಲಸದ ಅರ್ಧ ಭಾಗ. ಅದನ್ನು ಅವಳು ಪೊರಕೆ ಹಿಡಿದೇ ಕಲಿತುಬಿಟ್ಟಿದ್ದಾಳೆ.

ಮುಂದೆ ಅವನು ಅವಳಿಗೆ ಬಣ್ಣ ಅರೆಯಲು ಕಲಿಸುತ್ತಾನೆ. ಮೊದಲು ಕೈಗೆ ಕೊಡುವುದು ಸುಟ್ಟ ದಂತದ ತುಂಡು, ಅಂದರೆ ಕಪ್ಪು. ದಂತವನ್ನೋ ಮೂಳೆಯನ್ನೋ ಸುಮ್ಮನೆ ಬೆಂಕಿಗೆ ಹಾಕಿದರೆ ಕಪ್ಪು ಸಿಗುವುದಿಲ್ಲ. ಮಡಕೆಯಲ್ಲಿ ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಗಾಳಿಯಾಡದಂತೆ ಸುಡಬೇಕು. ಮಣ್ಣು ಬಿರಿದು ಗಾಳಿ ಒಳಹೊಕ್ಕರೆ ಇಂಗಾಲ ಉರಿದುಹೋಗಿ ಬಿಳಿ ಬೂದಿ ಉಳಿಯುತ್ತದೆ. ಕೈಗೆ ಸಿಕ್ಕ ಕರಿ ತುಂಡನ್ನು ಮೊದಲು ಕುಟ್ಟಿ ಪುಡಿ ಮಾಡಬೇಕು. ಆಮೇಲೆ ನುಣುಪಾದ ಕಲ್ಲುಹಲಗೆಯ ಮೇಲೆ ಗುಡ್ಡೆ ಹಾಕಿ, ನಡುವೆ ಗುಳಿ ಮಾಡಿ, ಅಗಸೆ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಅಡಿ ಚಪ್ಪಟೆಯಾದ ಗುಂಡಿನಿಂದ ಸುತ್ತಿಸಿ ಸುತ್ತಿಸಿ ಅರೆಯಬೇಕು. ಅಂಚಿಗೆ ಸರಿದದ್ದನ್ನು ಅಲಗಿನಿಂದ ಕೆರೆದು ನಡುವಿಗೆ ತಂದು ಮತ್ತೆ ಅರೆಯಬೇಕು. ಗುಂಡಿನಡಿ ಗರಗರ ಸದ್ದು ನಿಲ್ಲುವವರೆಗೂ ಕೆಲಸ ಮುಗಿದಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಬೇಗ ಮೆತ್ತಗಾಗಲಿ ಎಂದು ಮೊದಲೇ ಎಣ್ಣೆ ಸುರಿಯುವುದು. ಎಣ್ಣೆ ಜಾಸ್ತಿಯಾದ ಬಣ್ಣ ಒಣಗುವಾಗ ಸುಕ್ಕುಗಟ್ಟುತ್ತದೆ, ವರ್ಷ ಕಳೆದಂತೆ ಹಳದಿ ತಿರುಗುತ್ತದೆ. ಕಪ್ಪು ಹೇಗೂ ಎಣ್ಣೆ ಕುಡಿಯುವ ಬಣ್ಣ, ನಿಧಾನಕ್ಕೆ ಒಣಗುವಂಥದ್ದು. ಅದನ್ನು ದಪ್ಪಗೆ ಬಳಿದು ಮೇಲೆ ಬೇಗ ಒಣಗುವ ಸೀಸದ ಬಿಳಿ ಹಚ್ಚಿದರೆ ಮೇಲಿನ ಪದರ ಬಿರುಕು ಬಿಡುತ್ತದೆ.

ಒಂದೊಂದು ಬಣ್ಣಕ್ಕೂ ಒಂದೊಂದು ಹಟ. ಸೀಸದ ಬಿಳಿಗೆ ಸೀಸದ ಪಟ್ಟಿಗಳನ್ನು ವಿನೆಗರ್ ಇರುವ ಮಡಕೆಗಳಲ್ಲಿಟ್ಟು, ಕುದುರೆ ಲದ್ದಿಯಲ್ಲಿ ಹುದುಗಿಸಿ ಸುಮಾರು ಮೂರು ತಿಂಗಳು ಬಿಡುತ್ತಿದ್ದರು. ಲದ್ದಿಯ ಬಿಸಿ ಮತ್ತು ಅದು ಬಿಡುವ ಇಂಗಾಲದ ಡೈಆಕ್ಸೈಡ್ ಎರಡೂ ಸೇರಿ ಸೀಸದ ಮೇಲೆ ಬಿಳಿ ಹೊಪ್ಪಳೆ ಏಳುತ್ತಿತ್ತು. ಅದರ ಒಣಪುಡಿ ಉಸಿರಿಗೆ ಹೋದರೆ ವಿಷ. ಇನ್ನು ಅಫ್ಘಾನಿಸ್ತಾನದ ಲಾಪಿಸ್ ಲಾಜುಲಿ ಕಲ್ಲಿನಿಂದ ತೆಗೆಯುವ ಅಲ್ಟ್ರಾಮರೀನ್ ನೀಲಿ. ಕಲ್ಲನ್ನು ಪುಡಿ ಮಾಡಿದರೆ ಬೂದುಬಣ್ಣವೇ ಹೆಚ್ಚು. ಆ ಪುಡಿಯನ್ನು ರಾಳ ಮತ್ತು ಮೇಣದ ಮುದ್ದೆಯಲ್ಲಿ ಕಲಸಿ, ಬೂದಿನೀರಿನಲ್ಲಿ ಹಿಸುಕಿ ಹಿಸುಕಿ ನೀಲಿಯನ್ನಷ್ಟೇ ಇಳಿಸಿಕೊಳ್ಳಬೇಕು. ಮೊದಲ ಸಲ ಇಳಿದದ್ದು ಉತ್ತಮ, ಕೊನೆಗೆ ಇಳಿಯುವುದು ಬೂದಿಗೆ ಸಮ. ಕಪ್ಪನ್ನು ಎಷ್ಟು ಅರೆದರೂ ನಡೆಯುತ್ತದೆ. ನೀಲಿಯನ್ನು ಅತಿಯಾಗಿ ಅರೆದರೆ ಬಣ್ಣವೇ ಬಿಳಿಚಿಕೊಳ್ಳುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಕೈಗೆ ಗೊತ್ತಿರಬೇಕು. ತವರದ ಟ್ಯೂಬಿಗೆ ಪೇಟೆಂಟ್ ಬಂದದ್ದು 1841ರಲ್ಲಿ. ಅಲ್ಲಿಯವರೆಗೆ ಅಂದಂದಿಗೆ ಬೇಕಾದಷ್ಟನ್ನು ಅಂದೇ ಅರೆಯುವುದು, ಮಿಕ್ಕಿದ್ದನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುವುದು, ಇಷ್ಟೇ ದಾರಿ. ಹಾಗಾಗಿ ಅರೆಯುವವಳಿಗೆ ನಾಳೆ ಯಾವ ಬಣ್ಣ ಬೇಕೆಂಬುದು ಇವತ್ತೇ ಗೊತ್ತಾಗುತ್ತದೆ, ಅಂದರೆ ಚಿತ್ರ ಯಾವ ಕಡೆ ಹೊರಟಿದೆಯೆಂಬುದು ಮನೆಯೊಡತಿಗಿಂತ ಮೊದಲೇ ಗೊತ್ತಾಗುತ್ತದೆ. ಕಾದಂಬರಿಯಲ್ಲಿ ಸಲಿಗೆ ಅನ್ನುವುದು ಇದ್ದರೆ ಅದು ಇದು. ಹೆಂಡತಿ ಕ್ಯಾತರೀನಾಗೆ ಆ ಕೋಣೆಗೆ ಪ್ರವೇಶವೇ ಇಲ್ಲ.

‘ಅಕ್ಷರ ಬಾರದ ಕೆಲಸದವಳಿಗೆ ಇಷ್ಟು ಸೂಕ್ಷ್ಮ ಹೇಗೆ ಬಂತು’ ಎಂಬುದು ಓದುಗರ ಎರಡನೇ ದೊಡ್ಡ ಆಕ್ಷೇಪ. ಅದಕ್ಕೆ ಉತ್ತರ ಮೊದಲ ದೃಶ್ಯದಲ್ಲೇ ಇದೆ. ಸಾರಿಗೆ ಹೆಚ್ಚಿದ ತರಕಾರಿಯನ್ನು ಅವಳು ಬಣ್ಣ ನೋಡಿ ಸುತ್ತ ಜೋಡಿಸಿರುತ್ತಾಳೆ. ಪಕ್ಕಪಕ್ಕ ಇಟ್ಟರೆ ಜಗಳವಾಡುವ ಬಣ್ಣಗಳನ್ನು ದೂರ ಇಟ್ಟಿರುತ್ತಾಳೆ. ಹೆಂಚು ಚಿತ್ರಿಸುವವನ ಮಗಳಿಗೆ ಇದು ಅತಿಯೇನಲ್ಲ. ಮೋಡದ ಬಣ್ಣ ಯಾವುದೆಂದು ವರ್ಮೀರ್ ಕೇಳಿದಾಗ ಬಿಳಿ ಎಂದವಳು, ನಿಂತು ನೋಡಿ ನೀಲಿ, ಹಳದಿ ಎಂದು ತಿದ್ದಿಕೊಳ್ಳುವ ಜಾಗವನ್ನು ಬಹಳ ಮಂದಿ ಮೆಚ್ಚುತ್ತಾರೆ. ಅದು ಚೆಂದವೇ, ಆದರೆ ಪಾಠ ಹೇಳಿದ ಹಾಗಿದೆ. ಅದಕ್ಕಿಂತ ಒಳ್ಳೆಯದು ಕುರ್ಚಿಯ ಪ್ರಸಂಗ. ನೀರಿನ ಹೂಜಿ ಹಿಡಿದ ಹೆಂಗಸಿನ ಚಿತ್ರದಲ್ಲಿ ಮುಂದಿರುವ ಕುರ್ಚಿ ಅವಳನ್ನು ಕಟ್ಟಿಹಾಕಿದ ಹಾಗಿದೆ ಎಂದು ಗ್ರೀಟ್‌ಗೆ ಅನಿಸುತ್ತದೆ, ಕುರ್ಚಿ ಅಲ್ಲಿಂದ ಹೋಗುತ್ತದೆ. ಈ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಎಡಗಡೆ ಮುಂಭಾಗದಲ್ಲಿ ಒಂದು ಕುರ್ಚಿ ಇತ್ತು, ವರ್ಮೀರ್ ಅದರ ಮೇಲೆ ಬಣ್ಣ ಬಳಿದು ಮುಚ್ಚಿದ ಎಂಬುದು ತಾಂತ್ರಿಕ ಪರೀಕ್ಷೆಯಲ್ಲಿ ಕಂಡಿದೆ. ಲೇಖಕಿ ಕ್ಯಾನ್ವಾಸಿನ ಒಂದು ನಿಜವಾದ ಗಾಯವನ್ನು ಹಿಡಿದು, ಅದಕ್ಕೆ ಕಾರಣವನ್ನಷ್ಟೇ ಹೊಸದಾಗಿ ಹುಟ್ಟಿಸಿದ್ದಾರೆ. ಐತಿಹಾಸಿಕ ಕಾದಂಬರಿ ಮಾಡಬೇಕಾದ ಕೆಲಸ ಇದೇ.

ಚರಿತ್ರೆ ಕೆಡಿಸಿದರು ಎನ್ನುವ ದೂರಿಗೆ ಬರೋಣ. ಗ್ರೀಟ್ ಎಂಬ ಹುಡುಗಿಯ ದಾಖಲೆ ಇಲ್ಲ. ಮುತ್ತಿನೋಲೆಯ ಚಿತ್ರದಲ್ಲಿರುವುದು ಗುರುತಿನ ವ್ಯಕ್ತಿಯೇ ಅಲ್ಲ, ಮುಖಭಾವ ಮತ್ತು ಉಡುಪನ್ನು ತೋರಿಸಲು ಬರೆಯುತ್ತಿದ್ದ ‘ಟ್ರೋನಿ’ ಎಂಬ ಜಾತಿಯ ಚಿತ್ರ ಅದು. ಆದರೆ ಇನ್ನೊಬ್ಬ ಕೆಲಸದವಳು ತಾನೆಕೆ ನಿಜ. ಕ್ಯಾತರೀನಾಳ ಸೋದರ ಅವಳ ಮೇಲೆ ನಡೆಸಿದ ಹಲ್ಲೆಯ ಬಗ್ಗೆ ತಾನೆಕೆ ಎವರ್‌ಪೂಲ್ ಎಂಬವಳು 1666ರಲ್ಲಿ ಸಾಕ್ಷಿ ಹೇಳಿದ ದಾಖಲೆ ಉಳಿದಿದೆ. ವರ್ಮೀರನ ಅತ್ತೆ ಮಾರಿಯಾ ಥಿನ್ಸ್ ನಿಜ, ಮಕ್ಕಳ ಹೆಸರುಗಳೂ ನಿಜ. ಸೂಕ್ಷ್ಮದರ್ಶಕದ ಲೇವೆನ್‌ಹುಕ್ ವರ್ಮೀರನ ಆಸ್ತಿಯ ಮೇಲ್ವಿಚಾರಕನಾಗಿ 1676ರಲ್ಲಿ ನೇಮಕವಾದದ್ದೂ ನಿಜ. ಇಬ್ಬರೂ ಗೆಳೆಯರಾಗಿದ್ದರು, ಕ್ಯಾಮೆರಾ ಅಬ್ಸ್ಕ್ಯೂರಾ (ಎದುರಿನ ನೋಟವನ್ನು ಒಳಗೆ ಮೂಡಿಸುವ ಪೆಟ್ಟಿಗೆ) ಅವನಿಂದ ಬಂತು ಎಂಬುದು ಮಾತ್ರ ಕಟ್ಟಿದ್ದು. ಮನೆಯ ಸಾಮಾನುಪಟ್ಟಿಯಲ್ಲಿ ಅಂಥ ಪೆಟ್ಟಿಗೆ ಇಲ್ಲ. ಬದಲಿಗೆ ಹಲವು ಚಿತ್ರಗಳಲ್ಲಿ ಗೆರೆಗಳೆಲ್ಲ ಸೇರುವ ಬಿಂದುವಿನಲ್ಲಿ ಸೂಜಿ ಚುಚ್ಚಿದ ತೂತು ಸಿಕ್ಕಿದೆ. ಅಲ್ಲಿಂದ ಸೀಮೆಸುಣ್ಣ ಸವರಿದ ದಾರ ಎಳೆದು ಗೆರೆ ಮೂಡಿಸುತ್ತಿದ್ದರು.

ನಿಜವಾಗಿ ಅನ್ಯಾಯವಾಗಿರುವುದು ಮೂವರಿಗೆ. ವರ್ಮೀರನ ಚಿತ್ರಗಳನ್ನು ಕೊಳ್ಳುತ್ತಿದ್ದ ಪೋಷಕ ಫಾನ್ ರೌವೆನ್ ಕಾದಂಬರಿಯಲ್ಲಿ ಕೆಲಸದ ಹುಡುಗಿಯರ ಮೇಲೆ ಕೈ ಹಾಕುವ ಲಂಪಟ. ಅದಕ್ಕೆ ಯಾವ ಆಧಾರವೂ ಇಲ್ಲ. ಅವನ ಹೆಂಡತಿ ಮಾರಿಯಾ ಡೆ ಕ್ನೌಟ್ 1665ರ ಉಯಿಲಿನಲ್ಲಿ ವರ್ಮೀರನ ಹೆಸರಿಗೆ 500 ಗಿಲ್ಡರ್ ಬರೆದಿದ್ದಳು. ಅಸಲಿ ಪೋಷಕಿ ಅವಳೇ ಎಂದು ಈಚೆಗೆ ಸಂಶೋಧಕರು ವಾದಿಸುತ್ತಿದ್ದಾರೆ. ಖಳ ಬೇಕಿದ್ದರೆ ಹೆಸರು ಬದಲಿಸಬಹುದಿತ್ತು. ಎರಡನೆಯವಳು ವರ್ಮೀರನ ಮಗಳು ಕೊರ್ನೇಲಿಯಾ: ಚಿಕ್ಕ ಹುಡುಗಿಯನ್ನು ಅಷ್ಟೊಂದು ಹಗೆ ತುಂಬಿದ ಸಂಚುಗಾತಿಯಾಗಿಸಿದ್ದು ಕಥೆ ಓಡಿಸುವ ಸುಲಭದ ಉಪಾಯ, ಅಷ್ಟೇ. ಮೂರನೆಯವಳು ಕ್ಯಾತರೀನಾ. ಕಾದಂಬರಿಯಲ್ಲಿ ಆಕೆ ಸದಾ ಬಸುರಿ, ಸದಾ ಸಿಡುಕು, ಚಿತ್ರಕಲೆಯ ಗಂಧ ಇಲ್ಲದವಳು. ದಾಖಲೆಯ ಕ್ಯಾತರೀನಾ ಹನ್ನೊಂದು ಮಕ್ಕಳೊಡನೆ ವಿಧವೆಯಾಗಿ ಉಳಿದವಳು. ಫ್ರಾನ್ಸಿನೊಡನೆ ಯುದ್ಧವಾದಾಗ ಚಿತ್ರಗಳ ವ್ಯಾಪಾರ ನಿಂತು, ಆ ಚಿಂತೆಯಲ್ಲಿ ಗಂಡ ಒಂದೂವರೆ ದಿನದೊಳಗೆ ಗಟ್ಟಿಮುಟ್ಟಾಗಿದ್ದವನು ಹೆಣವಾದ ಎಂದು ಹೇಳಿಕೆ ಕೊಟ್ಟವಳು, ಬ್ರೆಡ್ ಅಂಗಡಿಯ 617 ಗಿಲ್ಡರ್ ಸಾಲಕ್ಕೆ ಎರಡು ಚಿತ್ರ ಒತ್ತೆ ಕೊಟ್ಟವಳು. ಗ್ರೀಟಳ ಕೂಲಿಯ ಲೆಕ್ಕದಲ್ಲಿ ಅದು ನಾಲ್ಕು ವರ್ಷಕ್ಕೂ ಮೀರಿದ ದುಡಿಮೆ. ಕಥೆಯನ್ನು ಹೇಳುವವಳು ಗ್ರೀಟ್, ಅವಳ ಹೊಟ್ಟೆಕಿಚ್ಚೂ ಕಣ್ಣಿಗೆ ಸೇರಿಕೊಂಡಿದೆ ಎಂದು ಸಮರ್ಥಿಸುವ ಓದುಗರಿದ್ದಾರೆ. ಆ ಸಮರ್ಥನೆ ಅರ್ಧ ನಿಲ್ಲುತ್ತದೆ. ಎಲ್ಲರ ಬಗ್ಗೆಯೂ ಅವಳ ಕಣ್ಣು ಅಷ್ಟು ಚುರುಕು, ಒಡತಿಯ ಬಗ್ಗೆ ಮಾತ್ರ ಕುರುಡು ಅಂದರೆ ಅದನ್ನು ಕಾದಂಬರಿ ಎಲ್ಲಾದರೂ ಒಂದು ಕಡೆ ತೋರಿಸಿಕೊಡಬೇಕಿತ್ತು.

2003ರ ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರು ಒಂದು ವಿಷಯದಲ್ಲಿ ಮೇಲಿಂದ ಮೇಲೆ ಎಡವುತ್ತಾರೆ. ಸಿನಿಮಾದಲ್ಲಿ ಅವಳ ಕಿವಿ ಚುಚ್ಚುವವನು ವರ್ಮೀರ್. ಪುಸ್ತಕದಲ್ಲಿ ಅವಳೇ ಲವಂಗದೆಣ್ಣೆ ಹಚ್ಚಿ ಮರಗಟ್ಟಿಸಿ, ತನ್ನ ಕೈಯಾರೆ ಸೂಜಿ ಚುಚ್ಚಿಕೊಳ್ಳುತ್ತಾಳೆ. ವರ್ಮೀರ್ ಬರೆದ ಚಿತ್ರದಲ್ಲಿ ಕಾಣುವುದು ಒಂದೇ ಕಿವಿ. ಆದರೂ ಇನ್ನೊಂದಕ್ಕೂ ಓಲೆ ಬೇಕೆಂದು ಅವನು ಹಟ ಹಿಡಿಯುತ್ತಾನೆ, ಅದನ್ನೂ ಅವಳೇ ಚುಚ್ಚಿಕೊಳ್ಳಬೇಕು. ಸಿನಿಮಾದ ದೃಶ್ಯ ಶೃಂಗಾರ. ಪುಸ್ತಕದ್ದು ಕೂಲಿಯವಳ ಮೈಯೂ ಸಾಮಗ್ರಿಯ ಲೆಕ್ಕಕ್ಕೆ ಸೇರಿದ ಗಳಿಗೆ: ದಂತ ಸುಟ್ಟಂತೆ, ಕಲ್ಲು ಕುಟ್ಟಿದಂತೆ, ಈಗ ಕಿವಿ. ‘ವರ್ಮೀರ್ ತಣ್ಣಗಿನ ಮನುಷ್ಯ, ಮನಸ್ಸೇ ತೆರೆಯುವುದಿಲ್ಲ’ ಎಂದು ಬೇಸರಿಸುವವರು ಈ ಎರಡನೇ ಕಿವಿಯನ್ನು ನೋಡಲಿ. ಅವನು ತೆರೆದುಕೊಳ್ಳುವುದು ಅಲ್ಲೇ, ಕಂಡದ್ದು ಹಿತವಲ್ಲ.

ಮುತ್ತಿನೋಲೆಯ ಅಸಲಿ ಚಿತ್ರ ಇರುವುದು ಹೇಗ್ ನಗರದ ಮೌರಿಟ್ಸ್‌ಹೌಸ್‌ನಲ್ಲಿ. ಅಳತೆ ಸುಮಾರು 44.5 × 39 ಸೆಂ.ಮೀ. 1881ರ ಹರಾಜಿನಲ್ಲಿ ಬರೀ ಎರಡು ಗಿಲ್ಡರ್ ಮೂವತ್ತು ಸೆಂಟಿಗೆ ಹೋಗಿತ್ತು. 2018ರಲ್ಲಿ ಅದನ್ನು ಉಪಕರಣಗಳಿಂದ ಕೂಲಂಕಷವಾಗಿ ಪರಿಶೀಲಿಸಿ, 2020ರಲ್ಲಿ ಫಲಿತಾಂಶ ಹೊರಬಿಟ್ಟರು. ಬರೀ ಕತ್ತಲೆಯಂತೆ ಕಾಣುವ ಹಿನ್ನೆಲೆ ಮೊದಲು ಹಸಿರು ಪರದೆಯಾಗಿತ್ತು. ನೀಲಿ ಮತ್ತು ವೆಲ್ಡ್ ಗಿಡದ ಹಳದಿ ಸೇರಿಸಿ ಬಳಿದ ತೆಳುಪದರ ಕಾಲಕ್ರಮೇಣ ಮಾಸಿದೆ. ಕಣ್ಣಿಗೆ ಸಣ್ಣ ರೆಪ್ಪೆಗೂದಲುಗಳಿದ್ದವು. ವರ್ಮೀರ್ ಮೊದಲು ಕಂದು, ಕಪ್ಪು ಛಾಯೆಗಳಲ್ಲಿ ಚಿತ್ರದ ಒಡಲು ಕಟ್ಟಿದ್ದ. ಕಾದಂಬರಿಯಲ್ಲಿ ಹೂಜಿಯ ಚಿತ್ರಕ್ಕೆ ಅವನು ಲಂಗದ ಜಾಗದಲ್ಲಿ ಕಪ್ಪು ಬಳಿದಾಗ ಗ್ರೀಟ್ ‘ಇದು ಸುಳ್ಳು ಬಣ್ಣ’ ಎಂದು ತಬ್ಬಿಬ್ಬಾಗುವುದು ನೆನಪಿರಬಹುದು. ಅಡಿಬಣ್ಣದ ವಿಷಯದಲ್ಲಿ ಪುಸ್ತಕ ಸರಿಯಾಗಿಯೇ ಇದೆ. ಮುತ್ತಂತೂ ಬಿಳಿ ಬಣ್ಣದ ಕೆಲವು ಸವರುಗಳು, ಅಷ್ಟೇ. ಕಿವಿಗೆ ಸಿಕ್ಕಿಸುವ ಕೊಂಡಿಯೂ ಇಲ್ಲ.

ಕೊನೆಗೆ 1676ರ ಭಾಗ. ಅಷ್ಟರಲ್ಲಿ ಗ್ರೀಟ್ ಮಾಂಸದಂಗಡಿಯ ಪೀಟರನ ಹೆಂಡತಿ. ಸತ್ತ ವರ್ಮೀರನ ಇಚ್ಛೆಯಂತೆ ಓಲೆಗಳು ಅವಳ ಕೈ ಸೇರುತ್ತವೆ, ಅವಳು ಅವನ್ನು 20 ಗಿಲ್ಡರಿಗೆ ಮಾರುತ್ತಾಳೆ. ‘ತೀರಾ ಅಚ್ಚುಕಟ್ಟು’ ಎಂದು ಮೂಗು ಮುರಿಯುವವರ ಮಾತು ಸುಳ್ಳಲ್ಲ: ಸಾಲ ಕೊಟ್ಟವರು ಬಾಗಿಲಲ್ಲಿ ಕುಳಿತಿರುವ ಮನೆಯಿಂದ ಒಡವೆ ಹಾಗೆ ಸಲೀಸಾಗಿ ಹೊರಬೀಳುವುದು ನಂಬಲು ಕಷ್ಟ. ಬೆಲೆಯೂ ಯೋಚಿಸುವಂಥದ್ದು. ಚಿತ್ರದಲ್ಲಿ ಕಾಣುವ ಗಾತ್ರದ ಅಸಲಿ ಮುತ್ತಾಗಿದ್ದರೆ 20 ಗಿಲ್ಡರಿಗೆ ಜೋಡಿ ಸಿಗುತ್ತಿರಲಿಲ್ಲ. ಚಿತ್ರದ್ದು ಗಾಜಿನದೋ ತವರದ್ದೋ ಇರಬೇಕೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆದರೆ ಲೆಕ್ಕ ಮಾಡಿದಾಗ ಆ ಪುಟ ಬೇರೆಯಾಗಿ ಕಾಣುತ್ತದೆ. ಇಪ್ಪತ್ತು ಗಿಲ್ಡರ್ ಅಂದರೆ ನಾನೂರು ಸ್ಟೈವರ್, ಹುಡುಗಿಯ ಐವತ್ತು ದಿನದ ಕೂಲಿ. ಅದರಲ್ಲಿ ಹದಿನೈದು, ವರ್ಮೀರ್ ಮನೆಯವರು ಮಾಂಸದಂಗಡಿಗೆ ಉಳಿಸಿಕೊಂಡಿದ್ದ ಬಾಕಿಗೆ. ಮಿಕ್ಕ ಐದನ್ನು, ಅಂದರೆ ಹನ್ನೆರಡೂವರೆ ದಿನದ ಕೂಲಿಯನ್ನು, ಗಂಡನಿಗೂ ತಿಳಿಯದ ಜಾಗದಲ್ಲಿ ಬಚ್ಚಿಡಲು ನಿರ್ಧರಿಸುತ್ತಾಳೆ.